ಸಾಕ್ಷಿ ಹೇಳಲು ಏನೂ ಇಲ್ಲದವರು ಏನು ಮಾಡಬೇಕು?

ಗುಳೇದಗುಡ್ಡದ ಸೊಸೆ:
ಎಲ್ಲರಿಗೂ ವಂದನೆಗಳು. ಇಲ್ಲಿ ಓದುವುದೇ ಜಾಸ್ತಿ, ಬರೆದದ್ದು ಕಡಿಮೆ. ಆದರೆ ಒಂದು ಮಾತು ತಲೆಯಲ್ಲಿ ಕೊರೆಯುತ್ತಿದೆ, ಕೇಳಿಬಿಡೋಣ ಅಂತ ಬಂದೆ.

ನಮ್ಮ ಕಡೆ ಉಜ್ಜೀವನ ಕೂಟ (ಭಕ್ತಿಯನ್ನು ಮತ್ತೆ ಎಚ್ಚರಿಸುವ ಚರ್ಚಿನ ಕೂಟ) ಆಯಿತು. ಹೊರಗಿನಿಂದ ಬಂದ ಪ್ರಸಂಗಿಗಳು ಚೆನ್ನಾಗಿಯೇ ಮಾತಾಡಿದರು, ಅದರಲ್ಲಿ ಎರಡು ಮಾತಿಲ್ಲ. ಕೊನೆಯ ದಿನ ಮಾತ್ರ ಅವರು ಹೇಳಿದ್ದು ಹೀಗೆ: ದೇವರು ನಿಮ್ಮನ್ನು ಸಾಮಾನ್ಯರಾಗಿರಲು ಕರೆದಿಲ್ಲ, ಹತ್ತರಲ್ಲಿ ಹನ್ನೊಂದು ಅಂತ ಬದುಕಿ ಸಾಯುವುದು ರಕ್ಷಣೆ ಪಡೆದವರಿಗೆ ನಾಚಿಕೆ, ದೇವರಿಗಾಗಿ ಯಾವ ದೊಡ್ಡ ಕೆಲಸ ಮಾಡುತ್ತೀರಿ ಎದ್ದು ನಿಂತು ಹೇಳಿ. ಹುಡುಗರು ಪಟಪಟ ಎದ್ದರು. ಒಬ್ಬ ಸೇವೆಗೆ ಹೋಗುತ್ತೇನೆ ಅಂದ, ಇನ್ನೊಬ್ಬ ನೂರು ಹಳ್ಳಿ ತಿರುಗುತ್ತೇನೆ ಅಂದ. ಸಂತೋಷವೇ. ನಾನು ಕೂತೇ ಇದ್ದೆ, ಪಕ್ಕದಲ್ಲಿ ನಮ್ಮ ಅತ್ತೆಯೂ ಕೂತೇ ಇದ್ದರು.

ನಾನು ಅಂಗನವಾಡಿಯಲ್ಲಿ ಸಹಾಯಕಿ. ಅತ್ತೆ ಇಷ್ಟು ವರ್ಷ ಮಾಡಿದ್ದು ಕಂಡಿಕೆ ಸುತ್ತುವ ಕೆಲಸ. ಗೊತ್ತಿಲ್ಲದವರಿಗೆ ಹೇಳುತ್ತೇನೆ: ನಮ್ಮೂರ ಖಣ, ಅಂದರೆ ಕುಪ್ಪಸದ ಬಟ್ಟೆ, ಮಗ್ಗದ ಮೇಲೆ ಆಗುತ್ತದೆ. ಅಡ್ಡನೂಲು ಒಯ್ಯುವ ಲಾಳಿಯೊಳಗೆ ಕೂರುವ ಸಣ್ಣ ನಳಿಗೆಗೆ ನೂಲು ಸುತ್ತಿಕೊಡಬೇಕು, ಅದೇ ಕಂಡಿಕೆ. ಬಲಗೈಯಲ್ಲಿ ರಾಟಿ ತಿರುಗಿಸಬೇಕು, ಎಡಗೈ ಬೆರಳಿನ ಸಂದಿಯಲ್ಲಿ ನೂಲು ಓಡಬೇಕು. ಹಿಡಿತ ಸಡಿಲಾದರೆ ಲಾಳಿಯಲ್ಲಿ ನೂಲು ಸಿಕ್ಕಾಗುತ್ತದೆ, ಬಿಗಿಯಾದರೆ ಹರಿಯುತ್ತದೆ. ಹರಿದರೆ ಎರಡು ತುದಿ ಸೇರಿಸಿ ಹೊಸೆದು ಮತ್ತೆ ಶುರು. ಅತ್ತೆಯ ಎಡಗೈ ತೋರುಬೆರಳಿನ ಮೇಲೆ ನೂಲು ಓಡಿ ಓಡಿ ಒಂದು ಗೀರು ಬಿದ್ದಿದೆ. ಖಣ ಕೊಳ್ಳುವವರು ನೇಯ್ದವರು ಯಾರು ಅಂತಲೇ ಕೇಳುವುದಿಲ್ಲ, ಇನ್ನು ಕಂಡಿಕೆ ಸುತ್ತಿದವರನ್ನು ಯಾರು ಕೇಳುತ್ತಾರೆ?

ಅವತ್ತು ಮನೆಗೆ ಬರುವಾಗ ಅತ್ತೆ ಕೇಳಿದರು, "ನಾನು ಕರ್ತನ ಮುಂದೆ ಏನ್ ತೋರಿಸ್ಲವ್ವಾ, ನೂಲು ಸುತ್ತೀನಿ ಅಂತನಾ?" ನನಗೆ ಉತ್ತರ ಬರಲಿಲ್ಲ. ನಿಮಗೆ ಬರುತ್ತದಾ?

ಬಾದಾಮಿ ಯೂತ್:
ಅಕ್ಕಾ, ಪ್ರೈಸ್ ದಿ ಲಾರ್ಡ್. ನಾನೂ ಆ ಕೂಟದಲ್ಲಿದ್ದೆ, ಎದ್ದವರಲ್ಲಿ ನಾನೂ ಒಬ್ಬ. ನೀವು ಅವರ ಮಾತನ್ನು ತಪ್ಪಾಗಿ ತಗೊಂಡಿದ್ದೀರಿ ಅನಿಸುತ್ತದೆ. ಅವರು ಬಡವರನ್ನೋ ಕೂಲಿ ಮಾಡುವವರನ್ನೋ ಹೀಯಾಳಿಸಲಿಲ್ಲ. ಸೋಮಾರಿತನ ಬಿಡಿ ಅಂದರು ಅಷ್ಟೇ. ಬೈಬಲ್ಲಿನ ಮತ್ತಾಯ 25 ನೋಡಿ, ಯಜಮಾನ ಆಳುಗಳಿಗೆ ತಲಾಂತು ಲೆಕ್ಕದಲ್ಲಿ ಹಣ ಒಪ್ಪಿಸಿ ಹೋದ ಕಥೆ. ಒಂದು ತಲಾಂತು ಸಿಕ್ಕವನು ಅದನ್ನು ಮಣ್ಣಲ್ಲಿ ಹೂತಿಟ್ಟ, ಯಜಮಾನ ಅವನನ್ನು ಹೊರಗೆ ಹಾಕಿಸಿದ. "ನಾನು ಸಾಮಾನ್ಯ, ನನ್ನ ಕೈಲಿ ಏನಾಗುತ್ತೆ" ಅಂತ ಕೂತರೆ ಅದೇ ಆಗುವುದಲ್ವಾ? ನಮ್ಮ ಸಭೆಗಳು ಎಷ್ಟು ವರ್ಷದಿಂದ ಇದ್ದಲ್ಲೇ ಇವೆ. ಯಾರಾದರೂ ದೊಡ್ಡದಾಗಿ ಯೋಚನೆ ಮಾಡಲಿ ಬಿಡಿ.

ಬೆಳಗಾವಿ ಮಾಸ್ತರ (ನಿವೃತ್ತ):
ತಮ್ಮಾ ಬಾದಾಮಿಯವನೇ, ನಿನ್ನ ಉತ್ಸಾಹಕ್ಕೆ ನನ್ನ ಆಕ್ಷೇಪ ಇಲ್ಲ. ಆದರೆ ಆ ಸಾಮ್ಯವನ್ನು, ಅಂದರೆ ಯೇಸು ಹೇಳಿದ ಆ ದೃಷ್ಟಾಂತವನ್ನು, ಪೂರ್ತಿ ಓದು. ಒಂದು ತಲಾಂತು ಅಂದರೆ ಚಿಲ್ಲರೆ ದುಡ್ಡಲ್ಲ. ಆರು ಸಾವಿರ ದಿನಾರಿ. ಒಂದು ದಿನಾರಿ ಒಬ್ಬ ಕೂಲಿಯವನ ಒಂದು ದಿನದ ದುಡಿಮೆ, ಅಂದರೆ ಸುಮಾರು 20 ವರ್ಷದ ಕೂಲಿ ಹಣ ಆ ಮನುಷ್ಯನ ಕೈಲಿತ್ತು. ಅವನು ಸಾಮಾನ್ಯನಾಗಿದ್ದ ಅಂತ ಬೈಸಿಕೊಳ್ಳಲಿಲ್ಲ. ಯಜಮಾನ ಕಟುಕ ಅಂತ ಹೆದರಿ ಏನೂ ಮಾಡದೆ ಕೂತ ಅಂತ ಬೈಸಿಕೊಂಡ. ಇನ್ನೊಂದು, ಐದು ತಲಾಂತು ದುಡಿದವನಿಗೆ ಸಿಕ್ಕ ಶಹಬ್ಬಾಸ್‌ಗಿರಿ 21ನೇ ವಚನದಲ್ಲಿದೆ, ಎರಡು ದುಡಿದವನದು 23ರಲ್ಲಿದೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡು. ಅದೇ ಮಾತು, ಅದೇ ಸಂತೋಷಕ್ಕೆ ಸೇರುವ ಕರೆ. ದೊಡ್ಡ ಮೊತ್ತದವನಿಗೆ ಒಂದು ಮಾತು ಜಾಸ್ತಿ ಇಲ್ಲ.

ಈಗ ತಂಗಿಯ ಪ್ರಶ್ನೆಗೆ ಬರುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ, ಮಾಸ್ತರಿಕೆ ಮಾಡಿದವನ ಚಾಳಿ.

ಯೇಸು ಬೆಳೆದ ಊರು ನಜರೇತು ಅಂತ ನಾವು ದಿನಾ ಹೇಳುತ್ತೇವೆ, ಅದೇನು ದೊಡ್ಡ ಪಟ್ಟಣ ಅಲ್ಲ. ಹಳೆ ಒಡಂಬಡಿಕೆಯಲ್ಲಿ ಅದರ ಹೆಸರೇ ಇಲ್ಲ. ನತಾನಯೇಲ ಯೇಸುವಿನ ಬಗ್ಗೆ ಕೇಳಿದ ಕೂಡಲೇ ಅಂದದ್ದು, ಆ ಊರಿಂದ ಒಳ್ಳೆಯದೇನಾದರೂ ಬರುತ್ತದಾ ಅಂತ. ಸುವಾರ್ತೆ ಬರೆದ ಲೂಕ ಹೇಳುವಂತೆ ಕರ್ತನಾದ ಯೇಸು ಸೇವೆ ಶುರುಮಾಡಿದಾಗ ಸುಮಾರು 30 ವರ್ಷ. ಹುಟ್ಟಿದ್ದು ಗೊತ್ತು, 12ನೇ ವಯಸ್ಸಿನಲ್ಲಿ ದೇವಾಲಯದಲ್ಲಿ ಸಿಕ್ಕಿದ್ದು ಗೊತ್ತು. ಉಳಿದದ್ದು? ಬಡಿಗತನ. ಎರಡನೇ ಶತಮಾನದ ಜಸ್ಟಿನ್ ಅನ್ನುವ ಕ್ರೈಸ್ತ ಲೇಖಕ ಅವರು ನೇಗಿಲು, ನೊಗ ಮಾಡುತ್ತಿದ್ದರು ಅಂತ ಬರೆಯುತ್ತಾನೆ. ನಮ್ಮ ಕಡೆಯ ಬಡಿಗೇರ ಕುಂಟೆ, ಕೂರಿಗೆ ಮಾಡಿಕೊಟ್ಟು ಸುಗ್ಗಿಯಲ್ಲಿ ಆಯ (ಕೂಲಿಯ ಕಾಳು) ತಗೊಂಡು ಹೋಗುತ್ತಿದ್ದನಲ್ಲ, ಅಂಥ ಜನರ ನಡುವಿನ ಬದುಕು. ಊರವರು ಆಮೇಲೆ ಆಶ್ಚರ್ಯಪಟ್ಟದ್ದೂ ಇದಕ್ಕೇ, "ಇವನು ಆ ಬಡಿಗನಲ್ಲವೇ" ಅಂತ. 30 ವರ್ಷ ಒಂದೇ ಊರಲ್ಲಿದ್ದರೂ ಯಾರಿಗೂ ವಿಶೇಷ ಅನಿಸಿರಲಿಲ್ಲ ಅಂದರೆ ಎಷ್ಟು ಸಾಮಾನ್ಯ ಬದುಕು ಅದು, ಯೋಚನೆ ಮಾಡಿ.

ಇನ್ನು ಯೊರ್ದನ್ ನದಿಯಲ್ಲಿ ಯೇಸುವಿನ ದೀಕ್ಷಾಸ್ನಾನ. ಪ್ರಿಯನಾದ ಮಗನು, ನಿನ್ನನ್ನು ಮೆಚ್ಚಿದ್ದೇನೆ ಅಂತ ಆಕಾಶವಾಣಿ ಆಯಿತು. ಆವರೆಗೆ ಸುವಾರ್ತೆಗಳ ಲೆಕ್ಕದಲ್ಲಿ ಒಂದು ಅದ್ಭುತ ಇಲ್ಲ, ಒಂದು ಪ್ರಸಂಗ ಇಲ್ಲ, ಒಬ್ಬ ಶಿಷ್ಯ ಇಲ್ಲ. ಮೆಚ್ಚಿದ್ದು ಯಾವ ಬದುಕನ್ನು ಹಾಗಾದರೆ? ಅಮ್ಮನವರಿಗೆ ಇಷ್ಟು ಹೇಳು ತಂಗಿ.

ಕ್ಯಾಂಪ್ ಏರಿಯಾ:
ನಾನು ಕಥೋಲಿಕ, ಬೆಳಗಾವಿ ಕ್ಯಾಂಪ್‌ನವನು. ನಿಮ್ಮ ಉಜ್ಜೀವನ ಕೂಟದ ಗಲಾಟೆ ನಮ್ಮಲ್ಲಿ ಕಡಿಮೆ, ಆದರೆ ರೋಗ ಅದೇ: ಸಂತರೆಂದರೆ ಪವಾಡ ಮಾಡಿದವರು ಅಂತ ಮಾತ್ರ ನಮ್ಮ ಜನ ತಿಳಿದಿದ್ದಾರೆ.

ಖಣದ ಮಾತು ಬಂತಲ್ಲ, ನನಗೆ ಅಲ್ಫೋನ್ಸ್ ರೊಡ್ರಿಗಸ್ ನೆನಪಾದರು. ಸ್ಪೇನಿನವರು, ಬಟ್ಟೆ ವ್ಯಾಪಾರಿ. ವ್ಯಾಪಾರ ಮುಳುಗಿತು, ಹೆಂಡತಿ ತೀರಿಕೊಂಡಳು, ಮಕ್ಕಳೂ ಹೋದರು. ಹೆಚ್ಚು ಓದಿಲ್ಲ, ವಯಸ್ಸೂ ಆಗಿತ್ತು, ಯೇಸುಸಭೆಯವರು (ಜೆಸ್ವಿಟ್ ಸನ್ಯಾಸಿಗಳು) ಗುರುವಾಗಿ ಅಲ್ಲ, ಕೆಲಸದ ಬ್ರದರ್ ಆಗಿ ಸೇರಿಸಿಕೊಂಡರು. ಮಯೋರ್ಕಾ ದ್ವೀಪದ ಕಾಲೇಜಿನಲ್ಲಿ ಬಾಗಿಲು ಕಾಯುವ ಕೆಲಸ. ಬಾಗಿಲು ತೆಗಿ, ಯಾರು ಬಂದರು ಅಂತ ಒಳಗೆ ಹೇಳು, ಸಾಮಾನು ಇಳಿಸಿಕೊ, ಭಿಕ್ಷೆಗೆ ಬಂದವರಿಗೆ ಏನಾದರೂ ಕೊಡು. ನಲವತ್ತು ವರ್ಷಕ್ಕೂ ಜಾಸ್ತಿ ಇಷ್ಟೇ. ಬಾಗಿಲು ಬಡಿದಾಗಲೆಲ್ಲ "ಬಂದೆ ಸ್ವಾಮಿ" ಅಂತ ಏಳುತ್ತಿದ್ದರಂತೆ, ಹೊರಗೆ ನಿಂತವನು ಕರ್ತನೇ ಅನ್ನುವಂತೆ. 1617ರಲ್ಲಿ ತೀರಿಕೊಂಡರು, 1888ರಲ್ಲಿ ಸಂತರಾದರು. ನಮ್ಮ ಅಪಾರ್ಟ್‌ಮೆಂಟ್ ವಾಚ್‌ಮನ್ ಹೆಸರು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು ಹೇಳಿ? (ನಾನು ಕೇಳಿ ತಿಳಕೊಂಡಿದ್ದೇನೆ, ಇಲ್ಲಿ ಬರೆಯುವುದಿಲ್ಲ.)

ಫ್ರಾನ್ಸಿನ ಲಿಸಿಯದ ತೆರೇಸಾ ಇನ್ನೊಬ್ಬರು. 15ನೇ ವಯಸ್ಸಿಗೆ ಮಠ ಸೇರಿ 24ಕ್ಕೆ ಕ್ಷಯದಿಂದ ಹೋದರು, 1897ರಲ್ಲಿ. ಬಟ್ಟೆ ಒಗೆಯುವಾಗ ಎದುರಿನ ಸಿಸ್ಟರ್ ಕೊಳಕು ನೀರು ಮುಖಕ್ಕೆ ಸಿಡಿಸುತ್ತಿದ್ದರೆ ಸರಿದು ನಿಲ್ಲದೆ ಸುಮ್ನೆ ಸಹಿಸಿದ್ದನ್ನು ಅವರೇ ಬರೆದಿದ್ದಾರೆ. ಸಾಯುವ ಹೊತ್ತಿಗೆ ಜೊತೆಯ ಒಬ್ಬ ಸಿಸ್ಟರ್ ಅಂದರಂತೆ, ಇವಳ ಬಗ್ಗೆ ಮಠದ ಮುಖ್ಯಸ್ಥೆ ಮದರ್ ಏನು ಬರೆಯುತ್ತಾರೋ, ಹೇಳಿಕೊಳ್ಳುವಂಥದ್ದು ಏನೂ ಮಾಡಿಲ್ಲವಲ್ಲ ಅಂತ. ಮಠ ಬಿಟ್ಟು ಹೊರಗೆ ಹೋಗದ ಅವರನ್ನೇ ಆಮೇಲೆ ಧರ್ಮಪ್ರಚಾರಕರ ಪಾಲಕ ಸಂತೆ ಅಂತ ಸಾರಿದರು, ನೂರು ಹಳ್ಳಿ ತಿರುಗುವ ತಮ್ಮನಿಗೆ ಇದನ್ನು ಹೇಳಿ.

ವಾಸ್ಕೋದಿಂದ ವಿಜಯಪುರದವ:
ಎಲ್ಲಾ ಓದಿದೆ. ಸಿಟ್ಟು ಬಂತು, ಹಾಗೇ ಬರೆಯುತ್ತೇನೆ.

ನಮ್ಮದು ಇಂಡಿ ಕಡೆ. ಹೊಲದಲ್ಲಿ ನೀರಿಲ್ಲ ಅಂತ ನಾನು ಗೋವಾದಲ್ಲಿ ಪೇಂಟಿಂಗ್ ಕೆಲಸಕ್ಕೆ ಬಂದೆ, ನಮ್ಮ ಕಡೆಯ ಅರ್ಧ ಜನ ಇಲ್ಲೇ ಇದ್ದಾರೆ. ನಮ್ಮವ್ವ ಊರಲ್ಲಿ ಒಂದು ಸಂಸ್ಥೆಯ ಕಂಪೌಂಡ್ ಗುಡಿಸುತ್ತಿದ್ದಳು. ಕ್ರೈಸ್ತರದ್ದೇ ಸಂಸ್ಥೆ, ಹೆಸರು ಬೇಡ. ಪಗಾರ ತಿಂಗಳುಗಟ್ಟಲೆ ತಡ. ಕೇಳಲು ಹೋದರೆ ಒಬ್ಬ ಹಿರಿಯರು ಬೈಬಲ್ ತೆಗೆದು ಕೊಲೊಸ್ಸೆ 3:23 ಓದಿದರಂತೆ, ಏನು ಕೆಲಸ ಮಾಡಿದರೂ ಮನುಷ್ಯರಿಗೋಸ್ಕರ ಅಲ್ಲ, ಕರ್ತನಿಗೋಸ್ಕರ ಅಂತ ಮನಸ್ಸಿಟ್ಟು ಮಾಡಿರಿ. ಅವ್ವ ಹೌದ್ರಿ ಅಂತ ಬಂದುಬಿಟ್ಟಳು. ವಾರ್ಷಿಕೋತ್ಸವದ ದಿನ ಸ್ಟೇಜ್ ಮೇಲೆ ಕರೆದು "ದೀನತೆಯ ಮಾದರಿ" ಅಂತ ಶಾಲು ಹೊದಿಸಿದರು. ಆ ತಿಂಗಳ ಪಗಾರ ಆಗಲೂ ಆಗಿರಲಿಲ್ಲ.

ಮಾಸ್ತರ್ ಸರ್, ನಿಮ್ಮ ಮೇಲೆ ಸಿಟ್ಟಲ್ಲ. ಆದರೆ ಸಾಮಾನ್ಯ ಬದುಕು ಪವಿತ್ರ, ದೀನತೆ ದೊಡ್ಡದು ಅನ್ನುವ ಪ್ರಸಂಗ ಯಾವಾಗಲೂ ಮೇಲಿಂದ ಕೆಳಗೇ ಯಾಕೆ ಹರಿಯುತ್ತದೆ? ಕಸಬರಿಗೆ ಹಿಡಿದವರಿಗೇ ಯಾಕೆ ಹೇಳಬೇಕು ದೀನರಾಗಿರಿ ಅಂತ? ಕುರ್ಚಿಯಲ್ಲಿ ಕೂತವರಿಗೆ ಹೇಳಿ.

ಬೆಳಗಾವಿ ಮಾಸ್ತರ (ನಿವೃತ್ತ):
ನೀವು ಸಿಟ್ಟಾಗಿದ್ದೇ ಸರಿ. ಆ ಹಿರಿಯರು ಓದಿದ್ದು ಗುಲಾಮರಿಗೆ ಬರೆದ ಮಾತು, ಅದು ಅಲ್ಲಿಗೇ ಮುಗಿಯುವುದಿಲ್ಲ. ಮೂರು ವಚನ ಕೆಳಗೆ ಇಳಿದರೆ 4:1 ಸಿಗುತ್ತದೆ. ಯಜಮಾನರೇ, ನಿಮ್ಮ ಆಳುಗಳಿಗೆ ನ್ಯಾಯವಾದದ್ದನ್ನು, ಸಮವಾದದ್ದನ್ನು ಕೊಡಿ, ನಿಮಗೂ ಪರಲೋಕದಲ್ಲಿ ಒಬ್ಬ ಯಜಮಾನ ಇದ್ದಾನೆ ಅಂತ. ಅಲ್ಲಿಗೆ ಬರುವ ಮುಂಚೆ ಬೈಬಲ್ ಮುಚ್ಚಿದರೆ ಅದು ಬೋಧನೆ ಅಲ್ಲ, ಕಳ್ಳತನ. ಯಾಕೋಬ 5:4 ಇನ್ನೂ ಖಾರ: ನಿಮ್ಮ ಹೊಲ ಕೊಯ್ದವರ ಹಿಡಿದಿಟ್ಟ ಕೂಲಿ ಕೂಗುತ್ತಿದೆ, ಆ ಕೂಗು ಕರ್ತನ ಕಿವಿಗೆ ಬಿದ್ದಿದೆ ಅನ್ನುತ್ತದೆ. ಧರ್ಮೋಪದೇಶಕಾಂಡದ 24ನೇ ಅಧ್ಯಾಯದಲ್ಲಿ ಬಡ ಕೂಲಿಯವನ ಕೂಲಿಯನ್ನು ಸೂರ್ಯ ಮುಳುಗುವುದರೊಳಗೆ ಕೊಡಬೇಕು ಅಂತ ಕಟ್ಟಳೆಯೇ ಇದೆ. ತಿಂಗಳುಗಟ್ಟಲೆ ಅಲ್ಲ, ಅದೇ ದಿನ.

ಕೆಲಸ ಸಣ್ಣದಾಗಿದ್ದರೆ ಅದಕ್ಕೆ ಮರ್ಯಾದೆ ಉಂಟು. ಕೆಲಸ ಮಾಡಿದವರನ್ನು ಸಣ್ಣವರಾಗಿ ಇಡುವುದು ಪಾಪ. ಇವೆರಡನ್ನೂ ಒಂದೇ ಪ್ರಸಂಗದಲ್ಲಿ ಕಲಸಿ ಬಡಿಸುವವರನ್ನು ನಾನೂ ನೋಡಿದ್ದೇನೆ.

ನೈಟ್ ಡ್ಯೂಟಿ:
ನರ್ಸ್ ನಾನು, ಬೆಳಗಾವಿಯಲ್ಲಿ. ವಾರ್ಡ್ ಸ್ವಲ್ಪ ಶಾಂತ ಇದೆ, ಬೇಗ ಬರೆದುಬಿಡುತ್ತೇನೆ.

ವಿಜಯಪುರದ ಅಣ್ಣ ಹೇಳಿದ್ದಕ್ಕೆ ನನ್ನದೂ ಒಂದು ಸಹಿ. ಆದರೆ ಇನ್ನೊಂದು ಕಡೆ ನೋಡಿ. ಪಗಾರ ಸರಿಯಾಗಿ ಬಂದರೂ ಕೆಲಸ ಬೇಸರದ್ದೇ. ಬೆಡ್‌ಪ್ಯಾನ್ ತೊಳೆಯುವಾಗ ನನಗೆ ಯಾವ ದೇವದರ್ಶನವೂ ಆಗಿಲ್ಲ. ವಾಸನೆ ಬರುತ್ತದೆ, ಬೆನ್ನು ನೋಯುತ್ತದೆ, ಗಂಟೆ ನೋಡುತ್ತೇನೆ. ಸಾಮಾನ್ಯ ಬದುಕು ಸುಂದರ ಅಂತ ಪೋಸ್ಟರ್ ಮಾಡಿ ಹೂವಿನ ಚಿತ್ರ ಹಾಕಿ ಹಂಚುತ್ತಾರಲ್ಲ, ಅವರನ್ನು ಒಂದು ರಾತ್ರಿ ಇಲ್ಲಿ ನಿಲ್ಲಿಸಬೇಕು.

ನನಗೆ ಧೈರ್ಯ ಕೊಟ್ಟವರು ಬ್ರದರ್ ಲಾರೆನ್ಸ್. 17ನೇ ಶತಮಾನ, ಪ್ಯಾರಿಸ್‌ನ ಕಾರ್ಮೆಲ್ ಮಠ, ಅಡುಗೆ ಕೆಲಸ. ಪಾತ್ರೆಗಳ ನಡುವೆ ದೇವರನ್ನು ಕಂಡವರು ಅಂತ ಎಲ್ಲರೂ ಹೇಳುತ್ತಾರೆ. ಯಾರೂ ಹೇಳದ್ದು ಏನೆಂದರೆ ಅವರಿಗೆ ಅಡುಗೆಮನೆ ಕೆಲಸ ಕಂಡರೆ ಆಗುತ್ತಿರಲಿಲ್ಲ! ಕಾಲು ಬೇರೆ ಕುಂಟು. ಮಠಕ್ಕೆ ದ್ರಾಕ್ಷಾರಸ ತರಲು ದೋಣಿಯಲ್ಲಿ ಕಳಿಸಿದರೆ ನಡೆಯಲು ಆಗದೆ ಪೀಪಾಯಿಗಳ ಮೇಲೆ ಉರುಳಿಕೊಂಡೇ ಈ ಕಡೆಯಿಂದ ಆ ಕಡೆ ಹೋಗುತ್ತಿದ್ದರಂತೆ. ಇಷ್ಟವಿಲ್ಲದ ಕೆಲಸವನ್ನೂ ದೇವರ ಮುಂದೆ ಇದ್ದಂತೆ ಮಾಡಿದರು ಅಷ್ಟೇ, ಕೆಲಸ ಇಷ್ಟವಾಯಿತು ಅಂತಲ್ಲ. ಅಷ್ಟಾದರೆ ನನಗೂ ಸಾಧ್ಯ ಅನಿಸುತ್ತದೆ, ಕೆಲವು ರಾತ್ರಿ.

ಅತ್ತೆಗೆ ಹೇಳಿ ಅಕ್ಕಾ, ನೂಲು ಸುತ್ತುವಾಗ ಬೇಸರ ಬಂದಿದ್ದರೆ ಅದೇನು ಅವಿಶ್ವಾಸ ಅಲ್ಲ. ಬೆಲ್ ಬಾರಿಸಿತು, ಹೋಗುತ್ತೇನೆ.

ಮಲಪ್ರಭಾ ದಂಡೆ:
ನಾನು ಕ್ರೈಸ್ತ ಅಲ್ಲ, ಹುನಗುಂದ ತಾಲ್ಲೂಕಿನವನು, ಗೆಳೆಯ ಕಳಿಸಿದ ಲಿಂಕ್ ಓದಿ ಬಂದೆ. ನಿಮ್ಮ ಚರ್ಚೆ ನಮಗೆ ಪರಕೀಯ ಅನಿಸಲಿಲ್ಲ ರೀ. ಕೂಡಲಸಂಗಮದ ಮಣ್ಣಲ್ಲಿ ಬೆಳೆದವರಿಗೆ ಕಾಯಕದ ಮಾತು ತಾಯಿಹಾಲಿನ ಜೊತೆ ಬರುತ್ತದೆ. ವಿಜಯಪುರ ಕಡೆಯ ಶಿವಣಗಿಯ ನುಲಿಯ ಚಂದಯ್ಯ ಹಗ್ಗ ಹೊಸೆದು ಮಾರಿ ದಾಸೋಹ ಮಾಡಿದ ಶರಣ. ಹುಲ್ಲು ಕೊಯ್ಯುವಾಗ ಇಷ್ಟಲಿಂಗ ನೀರಿಗೆ ಬಿದ್ದರೂ ಕಾಯಕ ಬಿಡಲಿಲ್ಲ ಅಂತ ಕಥೆ. ಆಯ್ದಕ್ಕಿ ಲಕ್ಕಮ್ಮ ಗಂಡ ದಿನದ ಅಳತೆಗಿಂತ ಜಾಸ್ತಿ ಅಕ್ಕಿ ಆರಿಸಿ ತಂದಾಗ, ಇದು ನಮಗೆ ಯಾಕೆ, ಇದ್ದಲ್ಲೇ ಸುರಿದು ಬಾ ಅಂದಳು. ದೊಡ್ಡದು ಮಾಡು, ಜಾಸ್ತಿ ಮಾಡು ಅನ್ನುವ ನಿಮ್ಮ ಪ್ರಸಂಗಿಗಳಿಗೆ ಲಕ್ಕಮ್ಮನನ್ನು ಭೇಟಿ ಮಾಡಿಸಬೇಕಿತ್ತು.

ಬೆಳಗಾವಿ ಮಾಸ್ತರ (ನಿವೃತ್ತ):
ಬನ್ನಿ ಬನ್ನಿ, ಸಂತೋಷ. ಲಕ್ಕಮ್ಮನ ಮಾತು ನಾನು ತರಗತಿಯಲ್ಲಿ ಪಾಠ ಮಾಡಿದವನು. ಒಂದು ಸಣ್ಣ ವ್ಯತ್ಯಾಸ ಮಾತ್ರ ಹೇಳಲೇಬೇಕು. ಕಾಯಕದಲ್ಲೇ ಕೈಲಾಸ ಅಂತ ನೀವು ಹೇಳುತ್ತೀರಿ. ನಮ್ಮಲ್ಲಿ ಕೆಲಸದಿಂದ ಪರಲೋಕ ಸಿಗುವುದಿಲ್ಲ, ಅದು ಕೃಪೆ, ಮೊದಲೇ ಸಿಕ್ಕಿದ್ದು. ಸಿಕ್ಕಾಗಿದೆ ಅಂತ ಗೊತ್ತಾದ ಮೇಲೆ ಕೆಲಸವನ್ನು ದೇವರಿಗೆ ಲಂಚವಾಗಿ ಕೊಡಬೇಕಿಲ್ಲ, ಪಕ್ಕದ ಮನೆಯವರಿಗೆ ಕೊಡಬಹುದು. ಪ್ರೊಟೆಸ್ಟಂಟ್ ಸುಧಾರಣೆ ಶುರುಮಾಡಿದ ಲೂಥರ್ ಹೇಳಿದ್ದೂ ಇದೇ ದಾರಿಯ ಮಾತು. 1522ರಲ್ಲಿ ಮದುವೆ ಬಗ್ಗೆ ಬರೆಯುತ್ತಾ, ಮಗುವಿನ ಹೊಲಸು ಬಟ್ಟೆ ತೊಳೆಯುವ ಅಪ್ಪನನ್ನು ಜನ ಹೆಣ್ಣಿಗ ಅಂತ ನಗಬಹುದು, ಆದರೆ ದೇವರು ತನ್ನ ದೂತರ ಜೊತೆ ಸಂತೋಷದಿಂದ ನಗುತ್ತಾನೆ ಅಂದ. ಐನೂರು ವರ್ಷ ಆಯಿತು. ನಮ್ಮ ಬೆಳಗಾವಿಯ ಗಂಡಸರು ಇನ್ನೂ ಆ ಪುಟಕ್ಕೆ ಬಂದಿಲ್ಲ.

ಬಾದಾಮಿ ಯೂತ್:
ಸರ್, ಅಂಕಲ್, ಅಕ್ಕಂದಿರೇ, ಎಲ್ಲರ ಮಾತೂ ಒಪ್ಪಿದೆ ಅಂತ ಇಟ್ಟುಕೊಳ್ಳಿ. ಆದರೂ ಒಂದು ಅನುಮಾನ. ನೀವು ಉದಾಹರಣೆ ಕೊಟ್ಟ ಸಾಮಾನ್ಯರೆಲ್ಲ ಪ್ರಸಿದ್ಧರೇ ಅಲ್ವಾ? ಬಾಗಿಲು ಕಾಯುವವರು ಸಂತರಾದರು, ಅಡುಗೆಯವರ ಮಾತನ್ನು ಲೋಕವೆಲ್ಲ ಓದುತ್ತದೆ. ಅಂದರೆ ಕೊನೆಗೂ ಸಾಮಾನ್ಯ ಬದುಕಿಗೆ ಬೆಲೆ ಬರುವುದು ಅದು ಸಾಮಾನ್ಯವಾಗಿ ಉಳಿಯದಿದ್ದಾಗಲೇ. ನನಗೆ ನಿಜವಾಗಿ ಯಾರಿಗೂ ಗೊತ್ತಿಲ್ಲದವರ ಉದಾಹರಣೆ ಕೊಡಿ.

ಕ್ಯಾಂಪ್ ಏರಿಯಾ:
ಯಾರಿಗೂ ಗೊತ್ತಿಲ್ಲದವರನ್ನು ಉದಾಹರಣೆ ಕೊಡು ಅಂದರೆ ಹೇಗೆ ಕೊಡಲಿ ಮಾರಾಯಾ! ಆದರೆ ಪ್ರಶ್ನೆ ಒಳ್ಳೆಯದು. ಅದಕ್ಕೇ ನವೆಂಬರ್ 1 ಇರುವುದು. ಸಕಲ ಸಂತರ ಹಬ್ಬ, ಪಟ್ಟಿಯಲ್ಲಿ ಹೆಸರಿಲ್ಲದವರೂ ಸೇರಿ. ಪಟ್ಟಿಗಿಂತ ಅವರೇ ಜಾಸ್ತಿ.

ಬೆಳಗಾವಿ ಮಾಸ್ತರ (ನಿವೃತ್ತ):
ಹುಡುಗ ಜಾಣ. ಪಕ್ಕಾ ಪ್ರಶ್ನೆ.

ಅಪೊಸ್ತಲ ಪೌಲ ರೋಮಾಪುರದವರಿಗೆ ಬರೆದ ಪತ್ರದ 16ನೇ ಅಧ್ಯಾಯ ತೆಗಿ. ವಂದನೆ ಹೇಳಿದ ಬರೀ ಹೆಸರುಗಳು ಅಂತ ನಾವು ಹಾರಿಸಿಬಿಡುತ್ತೇವೆ. ಕಷ್ಟಪಟ್ಟು ದುಡಿದ ಹೆಂಗಸರು, ಮನೆಯಲ್ಲಿ ಸಭೆ ಸೇರಿಸಿದವರು, ಗುಲಾಮರಿಗೆ ಇಡುತ್ತಿದ್ದಂಥ ಹೆಸರುಗಳು ಬೇರೆ ಇವೆ. ತೆರ್ತ್ಯ ಅನ್ನುವವನು ಮಧ್ಯದಲ್ಲಿ ಬಾಯಿ ಹಾಕಿ, ಈ ಪತ್ರ ಬರೆದುಕೊಂಡವನು ನಾನು, ನನ್ನದೂ ವಂದನೆ ಅನ್ನುತ್ತಾನೆ. ಪೌಲ ಹೇಳಿದ್ದನ್ನು ಬರೆದುಕೊಂಡ ಗುಮಾಸ್ತ ಅವನು. ಅವನ ಬಗ್ಗೆ ಬೈಬಲ್ಲಿನಲ್ಲಿ ಇರುವುದು ಅಷ್ಟೇ, ಒಂದು ವಚನ. ರೂಫನ ತಾಯಿಗೆ ಅದೂ ಇಲ್ಲ, ಹೆಸರೇ ಇಲ್ಲ. "ಅವಳು ನನಗೂ ತಾಯಿ" ಅಂತ ಪೌಲ ಬರೆಯುತ್ತಾನೆ. ಏನು ಮಾಡಿದ್ದಳು? ಊಟ ಹಾಕಿದ್ದಳೋ, ಜ್ವರ ಬಂದಾಗ ನೋಡಿಕೊಂಡಳೋ, ಯಾವುದೂ ಬರೆದಿಲ್ಲ. ಪೌಲನಿಗೆ ಗೊತ್ತು, ಅವಳಿಗೆ ಗೊತ್ತು.

ಇನ್ನು ವಿರೋಧಿಗಳ ಸಾಕ್ಷಿ ಕೇಳು. ಎರಡನೇ ಶತಮಾನದ ಸೆಲ್ಸಸ್ ಅನ್ನುವ ಪಂಡಿತ ಕ್ರೈಸ್ತರನ್ನು ಅಣಕಿಸಿದ್ದು ಹೇಗೆ ಗೊತ್ತಾ? ಮನೆಮನೆಗಳಲ್ಲಿ ಉಣ್ಣೆ ಕೆಲಸದವರು, ಚಪ್ಪಲಿ ಹೊಲಿಯುವವರು, ಬಟ್ಟೆ ತೊಳೆಯುವವರು, ಓದುಬರಹ ಇಲ್ಲದವರು ಕೂತು ಹೆಂಗಸರು ಮಕ್ಕಳಿಗೆ ಧರ್ಮ ಬೋಧಿಸುತ್ತಾರೆ ಅಂತ. ಅವನಿಗೆ ಅದು ಬೈಗುಳ. ಗುಳೇದಗುಡ್ಡದ ಅಮ್ಮನವರೇ, ನೂಲಿನ ಕೆಲಸದವರು ಮೊದಲಿನಿಂದಲೂ ಇದ್ದಾರೆ, ನಮ್ಮ ವೈರಿಯೇ ಬರೆದಿಟ್ಟಿದ್ದಾನೆ.

ನಮ್ಮ ಭಾಗದ ಚರಿತ್ರೆಯೂ ಹಾಗೇ. ಬೆಳಗಾವಿಗೆ ಲಂಡನ್ ಮಿಷನ್ 1820ರಲ್ಲಿ ಬಂತು, ಜೋಸೆಫ್ ಟೇಲರ್ ಹೆಸರು ಸಿಗುತ್ತದೆ. ಗುಳೇದಗುಡ್ಡಕ್ಕೆ ಬಾಸೆಲ್ ಮಿಷನ್ 1851ರಲ್ಲಿ ಬಂತು. ಮಿಷನರಿ ದೊರೆಗಳ ಹೆಸರು, ಇಸವಿ ಎಲ್ಲಾ ಪುಸ್ತಕದಲ್ಲಿದೆ. ಆದರೆ ಮನೆಮನೆಗೆ ಹೋಗಿ ಹೆಂಗಸರ ಪಕ್ಕ ಕೂತು ಓದಿ ಹೇಳಿದ ಬೈಬಲ್ ವುಮನ್‌ಗಳು? ಇಲ್ಲಿನ ಕನ್ನಡ ಆಡುಮಾತಲ್ಲಿ ಕಥೆ ಹೇಳಿದವರು ಅವರೇ. ಅವರಲ್ಲಿ ಎಷ್ಟು ಜನರ ಹೆಸರು ನಾವು ಹೇಳಬಲ್ಲೆವು? ನನ್ನ ಅಜ್ಜಿಗೆ ಅಕ್ಷರ ಕಲಿಸಿದವರೂ ಅಂಥವರೊಬ್ಬರು. ಅಜ್ಜಿ ಅವರನ್ನು ಬರೀ "ಬಾಯಿ" ಅಂತ ಕರೆಯುತ್ತಿದ್ದರು. ಇಗೋ ತಮ್ಮಾ, ನಿನಗೆ ಬೇಕಾದ ಉದಾಹರಣೆ. ಹೆಸರು ನನಗೂ ಗೊತ್ತಿಲ್ಲ.

ಬಾದಾಮಿ ಯೂತ್:
ಸರಿ ಸರ್. ಒಪ್ಪಿದೆ ಅಂತ ಪೂರ್ತಿ ಹೇಳಲಾರೆ. ನನಗೆ ಇನ್ನೂ ಹಳ್ಳಿಗಳಿಗೆ ಹೋಗುವ ಆಸೆ ಇದೆ, ಅದು ತಪ್ಪಲ್ಲವಲ್ಲ?

ನೈಟ್ ಡ್ಯೂಟಿ:
ತಪ್ಪೇನಿಲ್ಲ ತಮ್ಮಾ, ಹೋಗು. ಹೋದ ಹಳ್ಳಿಯಲ್ಲಿ ಯಾರೂ ಮಾತು ಕೇಳದಿದ್ದರೂ, ಫೋಟೋ ಹಾಕದೆ, ಒಬ್ಬ ಮುದುಕಿಗೆ ಮಾತ್ರೆ ತಂದುಕೊಟ್ಟು ಬರಲು ತಯಾರಿದ್ದರೆ ಹೋಗು. ಪ್ರವಾದಿ ಯೆರೆಮೀಯನ ಗುಮಾಸ್ತ ಬಾರೂಕನಿಗೆ ದೇವರು ಕೇಳಿದ್ದು ನೆನಪಿದೆಯಾ, ನಿನಗಾಗಿ ದೊಡ್ಡ ದೊಡ್ಡವುಗಳನ್ನು ಹುಡುಕುತ್ತೀಯಾ, ಹುಡುಕಬೇಡ ಅಂತ. 45ನೇ ಅಧ್ಯಾಯ, ಐದೇ ವಚನ. "ನಿನಗಾಗಿ" ಅನ್ನುವಲ್ಲಿ ನಿಂತು ಓದು.

ವಾಸ್ಕೋದಿಂದ ವಿಜಯಪುರದವ:
ಮಾಸ್ತರ್ ಸರ್, 4:1 ಸ್ಕ್ರೀನ್‌ಶಾಟ್ ತೆಗೆದು ಊರಿನ ಗುಂಪಿಗೆ ಹಾಕಿದೆ. ಇಬ್ಬರು ಗುಂಪು ಬಿಟ್ಟರು. ಅವ್ವ ಫೋನ್ ಮಾಡಿ ಯಾಕೋ ಜಗಳ ತೆಗೀತಿ ಅಂತ ಬೈದಳು. ಆಮೇಲೆ ಮೆಲ್ಲಗೆ ಕೇಳಿದಳು, ಅದು ಯಾವ ಪುಟದಾಗೈತಿ ಅಂತ.

ಗುಳೇದಗುಡ್ಡದ ಸೊಸೆ:
ಇಷ್ಟೊಂದು ಉತ್ತರ ಬರುತ್ತದೆ ಅಂತ ಅಂದುಕೊಂಡಿರಲಿಲ್ಲ. ರಾತ್ರಿ ಅತ್ತೆಗೆ ಓದಿ ಹೇಳಿದೆ. ಅವರಿಗೆ ಸೆಲ್ಸಸ್ ಬೈದದ್ದು ಬಹಳ ಹಿಡಿಸಿತು, ಎರಡು ಸಲ ಓದಿಸಿದರು. ಬೆಡ್‌ಪ್ಯಾನ್ ತಂಗಿಗೆ ಆಶೀರ್ವಾದ ಹೇಳು ಅಂದರು.

ಈಗ ಒಂದು ಸಹಾಯ. ಸ್ತ್ರೀಯರ ಸಂಘದಲ್ಲಿ ಈ ಸಲ ನಾನೇ ವಾಕ್ಯ ಹಂಚಿಕೊಳ್ಳಬೇಕು. ಈ ವಿಷಯವನ್ನೇ ತಗೊಳ್ಳೋಣ ಅಂದುಕೊಂಡಿದ್ದೇನೆ. ಅಪೊಸ್ತಲರ ಕೃತ್ಯಗಳು 9ರ ತಬಿಥಾ ಆದೀತಾ? ಯೊಪ್ಪದಲ್ಲಿ ವಿಧವೆಯರಿಗೆ ಬಟ್ಟೆ ಹೊಲಿದು ಕೊಡುತ್ತಿದ್ದವಳು.

ಕ್ಯಾಂಪ್ ಏರಿಯಾ:
ಆಗುತ್ತದೆ, ಆದರೆ ಹುಷಾರು. ಯೇಸುವಿನ ಶಿಷ್ಯ ಪೇತ್ರ ಬಂದು ಅವಳನ್ನು ಸಾವಿನಿಂದ ಎಬ್ಬಿಸಿದ. ನೀವು ಎಲ್ಲಿಂದ ಶುರು ಮಾಡಿದರೂ ಜನ ಅಲ್ಲಿಗೇ ಓಡುತ್ತಾರೆ. ಹೊಲಿಗೆ ಹಿಂದೆ ಬೀಳುತ್ತದೆ, ಅದ್ಭುತ ಮುಂದೆ ಬರುತ್ತದೆ.

ಬೆಳಗಾವಿ ಮಾಸ್ತರ (ನಿವೃತ್ತ):
ಅದಕ್ಕೇ 39ನೇ ವಚನದಲ್ಲೇ ನಿಲ್ಲು ತಂಗಿ. ಹೆಣ ಮೇಲಿನ ಕೋಣೆಯಲ್ಲಿದೆ, ವಿಧವೆಯರೆಲ್ಲ ಅಳುತ್ತಾ ಅವಳು ಹೊಲಿದ ಅಂಗಿಗಳನ್ನು, ಬಟ್ಟೆಗಳನ್ನು ಪೇತ್ರನಿಗೆ ತೋರಿಸುತ್ತಿದ್ದಾರೆ. ತಬಿಥಾ ಆಡಿದ ಒಂದು ಮಾತನ್ನೂ ಈ ಪುಸ್ತಕದ ಲೇಖಕ ಲೂಕ ಬರೆದಿಲ್ಲ. ಬಟ್ಟೆಗಳೇ ಸಾಕ್ಷಿ. ಮುಂದಿನ ವಚನವನ್ನು ಯಾರಾದರೂ ಕೇಳಿದರೆ ಮುಂದಿನ ವಾರ ಅನ್ನು.

ವಾಸ್ಕೋದಿಂದ ವಿಜಯಪುರದವ:
ಅಕ್ಕಾ, ಯಾಕೋಬ 5:4 ಕೂಡ ಸೇರಿಸಿ. ಮತ್ತೆ ನಿಮ್ಮ ಚರ್ಚಿನಲ್ಲಿ ಗಂಟೆ ಬಾರಿಸಿ ಕಸ ಗುಡಿಸುವವರಿಗೆ ತಿಂಗಳಿಗೆ ಎಷ್ಟು ಕೊಡುತ್ತಾರೆ, ಯಾವ ತಾರೀಖಿಗೆ ಕೊಡುತ್ತಾರೆ ಅಂತ ಅಲ್ಲೇ ಕೇಳಿ. ಸಂಘದ ಹೆಂಗಸರು ಕೇಳಿದರೆ ಕಮಿಟಿಯವರು ಉತ್ತರ ಕೊಡಲೇಬೇಕು.

ಗುಳೇದಗುಡ್ಡದ ಸೊಸೆ:
ಕೇಳುತ್ತೇನೆ ಅಣ್ಣಾ. ಕಮಿಟಿಯ ಖಜಾಂಚಿ ನಮ್ಮ ಮನೆಯವರೇ. ಇವತ್ತು ರೊಟ್ಟಿ ಬಡಿಸುವಾಗಲೇ ಶುರು ಮಾಡುತ್ತೇನೆ.